ಓಂ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ!

ಕಳೆದ ಸಾಲಿನ ರಾಜ್ಯೋತ್ಸವದ ಸಿದ್ಧತೆಗಾಗಿ ಕರೆದಿದ್ದ ನಮ್ಮ ಸಂಘದ ಸಭೆಯಲ್ಲಿ ಎರಡು ಅರ್ಜಿಗಳು ಪರಿಶೀಲನೆಗೆ ಬಂದವು. ಪಟಾನ್‌ಚೆರು, ರಾಮಚಂದ್ರಾಪುರ, ಬೀರಂಗೂಡದ ಕಡೆಯಿಂದ ಭಾನುವಾರದ ನಿದ್ದೆ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದ ನಾವು ಏಳೆಂಟು ಮಂದಿ ಎಂದಿನಂತೆ ಹಿಂದಿನ ಸಾಲಿನಲ್ಲಿದ್ದೆವು. ಮೊದಲನೆಯ ಅರ್ಜಿ ನಮ್ಮ ಮನೆಯ ಹುಡುಗಿ ಹಾಗೂ ಅವಳ ಇಬ್ಬರು ಗೆಳತಿಯರದು. ಬೀದರ್ ಜಿಲ್ಲೆಯ ನಮ್ಮೂರ ಜಾತ್ರೆಯಲ್ಲಿ ಅವಳೇ ಮೊಬೈಲಿನಲ್ಲಿ ಹಿಡಿದುಕೊಂಡು ಬಂದ ಹಲಗೆಯ ಬಡಿತವನ್ನು ‘ಹೌಸ್’ ಎಂಬ ಸಂಗೀತದ ತಾಳಕ್ಕೆ ಹೊಂದಿಸಿ ಇಪ್ಪತ್ತು ನಿಮಿಷ ನುಡಿಸುತ್ತೇವೆ, ಬೇಕಾದವರು ಎದ್ದು ಕುಣಿಯಬಹುದು ಎಂಬುದು ಅದರ ಸಾರಾಂಶ. ಎರಡನೆಯದು ಯೋಗ ಶಿಬಿರಗಳನ್ನು ನಡೆಸುವ ಹಿರಿಯ ಸದಸ್ಯರೊಬ್ಬರದು: ನಲವತ್ತು ನಿಮಿಷಗಳ ‘ಓಂಕಾರ ನಾದಧ್ಯಾನ’.

ಮೊದಲನೆಯ ಅರ್ಜಿ ಎರಡು ನಿಮಿಷದಲ್ಲಿ ತಿರಸ್ಕೃತವಾಯಿತು. “ಡಿಜೆ ಗಿಜೆ ನಮ್ಮ ಸಂಸ್ಕೃತಿಯಲ್ಲ” ಎಂದು ಒಬ್ಬರು, “ರಾಜ್ಯೋತ್ಸವ ಅಂದರೆ ಪಬ್ಬೇನ್ರಿ?” ಎಂದು ಇನ್ನೊಬ್ಬರು. ಎರಡನೆಯದು ಚಪ್ಪಾಳೆಯೊಂದಿಗೆ ಸರ್ವಾನುಮತದಿಂದ ಅಂಗೀಕೃತವಾಯಿತು. ಆ ಸರ್ವರಲ್ಲಿ ನಾವೂ ಇದ್ದೆವು, ಕೈಯನ್ನೂ ಎತ್ತಿದ್ದೆವು. ಮನೆಯ ಹುಡುಗಿಯ ಪರವಾಗಿ ಬಾಯಿಬಿಟ್ಟರೆ ಸ್ವಜನಪಕ್ಷಪಾತವೆಂದಾರು ಎಂಬ ಅಂಜಿಕೆ. ಗುಮಾಸ್ತಗಿರಿ ಕಲಿಸುವ ಮೊದಲ ಪಾಠವೇ ಅದು. ಆ ದಿನದ ಮೌನಕ್ಕೆ ತಡವಾಗಿ ಕಟ್ಟುತ್ತಿರುವ ದಂಡವೆಂದು ವಾಚಕರು ಈ ಲೇಖನವನ್ನು ಭಾವಿಸಬಹುದು.

ಇನ್ನು ಕಾರ್ಯಕ್ರಮದ ದಿನದ ಮಾತು. ದೀಪಗಳನ್ನು ಮಂದ ಮಾಡಿದರು. ಕಣ್ಣು ಮುಚ್ಚಿರೆಂದು ಅಪ್ಪಣೆಯಾಯಿತು. ಗಂಭೀರವಾದ ಓಂಕಾರ ಸಭಾಂಗಣವನ್ನೆಲ್ಲ ತುಂಬಿತು. ನಿಜಕ್ಕೂ ಹಿತವಾಗಿತ್ತು, ಸುಳ್ಳು ಹೇಳಬಾರದು. ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಅದರ ಅಡಿಯಿಂದ ಧಡ್ ಧಡ್ ಧಡ್ ಧಡ್ ಎಂದು ಒಂದೇ ಸಮನೆ ಯಂತ್ರದ ಬಡಿತ ಎದ್ದಿತು. ನಾವು ಕಣ್ಣು ತೆರೆದು ಕೈಗಡಿಯಾರ ನೋಡಿಕೊಂಡೆವು. ಬಿ.ಎಸ್‌ಸಿ. ಓದಿದವರಿಗೆ ಎಣಿಸುವ ಚಟ ಬಿಡುವುದಿಲ್ಲ. ಕಾಲು ನಿಮಿಷಕ್ಕೆ ಮೂವತ್ತೈದು ಬಡಿತ. ಅಂದರೆ ನಿಮಿಷಕ್ಕೆ 140. ಅದರ ಮೇಲೆ ಸಂಸ್ಕೃತ ಮಂತ್ರದ ತುಣುಕೊಂದು ಮತ್ತೆ ಮತ್ತೆ ಬಂದು ಹೋಗುತ್ತಿತ್ತು. ಮುಂದಿನ ಸಾಲಿನ ಹಿರಿಯರು ಕಣ್ಣು ಮುಚ್ಚಿಕೊಂಡೇ ತಲೆದೂಗುತ್ತಿದ್ದರು. ಪಕ್ಕದಲ್ಲಿದ್ದ ಹುಡುಗಿ ನಮ್ಮ ಕಿವಿಯಲ್ಲಿ ಉಸುರಿದಳು: “ಪಪ್ಪಾ, ಇದು ಟ್ರಾನ್ಸ್ ಅದ. ನಮ್ದು ಬ್ಯಾಡ ಅಂದ್ರು, ಇದ್ಯಾಕ ಬೇಕಾತು?”

ಉತ್ತರ ನಮ್ಮಲ್ಲಿರಲಿಲ್ಲ. ಹಿಂದಿನ ಕಾಗದ ನೋಡದೆ ಟಿಪ್ಪಣಿ ಬರೆಯಬಾರದೆಂಬುದು ಕಚೇರಿಯ ನಿಯಮ. ಆ ಮೇಲೆ ಕೆಲವು ತಿಂಗಳು ಮಗಳ ಜೊತೆ ಕುಳಿತು, ಈ ಎರಡು ಸಂಗೀತಗಳ ಕಡತವನ್ನು ನಾವು ಬುಡದಿಂದ ಓದಿದೆವು. ಕೇಳಿದೆವು ಕೂಡ. ಓದಿದ ಮೇಲೆ ನಮ್ಮ ಸಮಿತಿ ಮಾಡಿದ್ದು ಶುದ್ಧ ಅನ್ಯಾಯವೆಂದೂ, ಅದಕ್ಕಿಂತ ಹೆಚ್ಚಾಗಿ ಶುದ್ಧ ಅಜ್ಞಾನವೆಂದೂ ನಮಗೆ ಖಾತ್ರಿಯಾಗಿದೆ.

ಮೊದಲು ‘ಡಿಜೆ’ ಎಂಬ ಮಾತು. ನಮ್ಮ ಕಡೆ ಡಿಜೆ ಎಂದರೆ ಲಾರಿಯ ಮೇಲೆ ಮಾಳಿಗೆಯೆತ್ತರ ಒಟ್ಟಿದ ಧ್ವನಿವರ್ಧಕಗಳು. ಗಣಪತಿಯ ಮೆರವಣಿಗೆಯಲ್ಲಿ ಎದೆಗೂಡು ನಡುಗಿ ಕಿಟಕಿಯ ಗಾಜು ಅದುರುವ ಆ ಸಂಕಟವನ್ನು ಪಟಾನ್‌ಚೆರಿನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೈದರಾಬಾದ್ ನಗರ ಪೊಲೀಸರು 2024ರ ಅಕ್ಟೋಬರ್‌ನಲ್ಲಿ ಧಾರ್ಮಿಕ ಮೆರವಣಿಗೆಗಳಲ್ಲಿ ಅಂಥ ಡಿಜೆಯನ್ನು ನಿಷೇಧಿಸಿದಾಗ ನಾವು ಸಂತೋಷಪಟ್ಟವರೇ. ಆದರೆ ಮೂಲದಲ್ಲಿ ಡಿಜೆ ಎಂದರೆ ಪೆಟ್ಟಿಗೆಯಲ್ಲ, ಮನುಷ್ಯ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆಯನ್ನು ತಾಳ ತಪ್ಪದಂತೆ ಜೋಡಿಸುತ್ತ, ಮುಂದೆ ಕುಣಿಯುವವರ ಮುಖ ನೋಡಿ ಮುಂದಿನದನ್ನು ಆರಿಸುವವನು. ಲಾರಿಯ ತಪ್ಪಿಗೆ ಹುಡುಗಿಗೆ ಶಿಕ್ಷೆ ಕೊಡುವುದು, ಬಸ್ಸು ಡಿಕ್ಕಿ ಹೊಡೆಯಿತೆಂದು ಪ್ರಯಾಣಿಕನ ಮೇಲೆ ಮೊಕದ್ದಮೆ ಹೂಡಿದಂತೆ.

ಈಗ ಹೌಸ್. ಮನೆ ಎಂದು ಅರ್ಥ ಮಾಡಿಕೊಂಡು ಯಾರೋ ನಕ್ಕರು. ಇದು ಮನೆಯಲ್ಲ, ಮಳಿಗೆ. ಅಮೆರಿಕದ ಶಿಕಾಗೋ ನಗರದ ಜೆಫರ್ಸನ್ ಬೀದಿಯ ಒಂದು ಹಳೆಯ ಕೈಗಾರಿಕಾ ಕಟ್ಟಡದಲ್ಲಿ 1977ರಲ್ಲಿ ‘ವೇರ್‌ಹೌಸ್’ ಎಂಬ ಕುಣಿತದ ಕೂಟ ಆರಂಭವಾಯಿತು. ಆ ಹೆಸರಿನ ಬಾಲವೇ ‘ಹೌಸ್’ ಆಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿ ನುಡಿಸುತ್ತಿದ್ದವರು ನ್ಯೂಯಾರ್ಕಿನಿಂದ ಬಂದ ಫ್ರ್ಯಾಂಕಿ ನಕಲ್ಸ್ ಎಂಬ ಕರಿಯ ತರುಣ. ಬರುತ್ತಿದ್ದವರು ಹೆಚ್ಚಾಗಿ ಕರಿಯರು, ಲ್ಯಾಟಿನ್ ಅಮೆರಿಕದ ಮೂಲದವರು. ಅವರಲ್ಲೂ ಬಹುಪಾಲು ಸಲಿಂಗಾನುರಾಗಿಗಳು. ಊರಿನ ಉಳಿದ ಕಡೆ ಬಣ್ಣ ನೋಡಿಯೋ ನಡೆ ನೋಡಿಯೋ ಬಾಗಿಲು ಮುಚ್ಚಿಸಿಕೊಂಡವರು. ಶನಿವಾರ ರಾತ್ರಿ ಬಂದು ಭಾನುವಾರ ಬೆಳಗಾಗುವವರೆಗೆ ಕುಣಿಯುತ್ತಿದ್ದರು. ಕರಿಯರ ಇಗರ್ಜಿಯ ಹಾಡುಗಾರಿಕೆ, ಡಿಸ್ಕೊ, ಯುರೋಪಿನ ಯಂತ್ರವಾದ್ಯಗಳ ದನಿ ಎಲ್ಲವೂ ಆ ಒಂದು ಕೋಣೆಯಲ್ಲಿ ಕಲೆತವು.

ಅದೇ ಊರಿನಲ್ಲಿ ನಡೆದ ಇನ್ನೊಂದು ಪ್ರಸಂಗ ಕೇಳಿ. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ, ರೇಡಿಯೋ ನಿರೂಪಕನೊಬ್ಬನ ಕರೆಯ ಮೇರೆಗೆ, ಸುಮಾರು ಐವತ್ತು ಸಾವಿರ ಜನರೆದುರು, ಡಿಸ್ಕೊ ತಟ್ಟೆಗಳ ರಾಶಿಗೆ ಸಿಡಿಮದ್ದಿಟ್ಟು ಉಡಾಯಿಸಿದರು. ಜನ ಮೈದಾನಕ್ಕೆ ನುಗ್ಗಿ ದಾಂಧಲೆಯಾಗಿ ಅಂದಿನ ಎರಡನೆಯ ಪಂದ್ಯವೇ ನಿಂತುಹೋಯಿತು. ಅಂದು ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸಕ್ಕಿದ್ದವನು ವಿನ್ಸ್ ಲಾರೆನ್ಸ್ ಎಂಬ ಕರಿಯ ಹುಡುಗ. ಸುಡಲು ತಂದ ತಟ್ಟೆಗಳಲ್ಲಿ ಎಷ್ಟೋ ಡಿಸ್ಕೊ ಆಗಿರಲೇ ಇಲ್ಲ, ಬರೀ ಕರಿಯರ ಹಾಡುಗಳಾಗಿದ್ದವು ಎಂಬುದನ್ನು ಅವನು ಗಮನಿಸಿದ. ಅವನೇ ಮುಂದೆ ಜೆಸ್ಸಿ ಸಾಂಡರ್ಸ್ ಎಂಬಾತನೊಡನೆ ಕೂಡಿ 1984ರಲ್ಲಿ ‘ಆನ್ ಅಂಡ್ ಆನ್’ ಎಂಬ ತಟ್ಟೆ ತಂದ. ಹೌಸ್ ಎಂದು ಹೊರಬಂದ ಮೊದಮೊದಲ ತಟ್ಟೆಗಳಲ್ಲಿ ಅದೊಂದು. ‘ನಮ್ಮ ಸಂಸ್ಕೃತಿಯಲ್ಲ’ ಎಂಬ ಕೂಗಿನ ಮಾತು ಮತ್ತು ಗುರಿ ಯಾವಾಗಲೂ ಒಂದೇ ಆಗಿರುವುದಿಲ್ಲ. ಸಿಟ್ಟು ಸಂಗೀತದ ಮೇಲೆಂದು ತೋರುತ್ತದೆ. ಇರುವುದು ಅದನ್ನು ಬಾರಿಸುವವರ ಮೇಲೆ.

ಇನ್ನೊಂದು ಸಂಗತಿ ನಮಗೆ ವಿಶೇಷ ಹೆಮ್ಮೆ ತಂದಿತು, ಹೇಳದೆ ಇರಲಾರೆವು. 1986ರಲ್ಲಿ ಬಂದು ಹೌಸ್ ಸಂಗೀತದ ನಾಡಗೀತೆಯೆಂದೇ ಹೆಸರಾದ ‘ಮೂವ್ ಯುವರ್ ಬಾಡಿ’ಯನ್ನು ಮಾಡಿದ ಮಾರ್ಷಲ್ ಜೆಫರ್ಸನ್ ಆಗ ಅಂಚೆ ಕಚೇರಿಯ ನೌಕರ. ಹಗಲೋ ರಾತ್ರಿಯೋ ಪಾಳಿ ಮುಗಿಸಿ ಮನೆಗೆ ಬಂದು ಪಿಯಾನೋ ದನಿಯನ್ನು ಯಂತ್ರದ ತಾಳಕ್ಕೆ ಕೂಡಿಸಿದ. ಕೇಂದ್ರ ಸರಕಾರದ ಗುಮಾಸ್ತರು ತುಟ್ಟಿಭತ್ಯೆಯ ಲೆಕ್ಕ ಬಿಟ್ಟು ಬೇರೇನೂ ಮಾಡಲಾರರೆಂದು ನಗುವವರು ಇದನ್ನು ಗಮನಿಸಬೇಕು.

ಯಂತ್ರಗಳ ಕಥೆಯೂ ಸ್ವಾರಸ್ಯಕರ. ಜಪಾನಿನ ರೋಲಾಂಡ್ ಕಂಪನಿ 1980ರಲ್ಲಿ ‘808’ ಎಂಬ ತಾಳಯಂತ್ರವನ್ನೂ, 1981ರಲ್ಲಿ ‘303’ ಎಂಬ ಮಂದ್ರಸ್ವರದ ಯಂತ್ರವನ್ನೂ ತಂದಿತು. ಜೊತೆಗೆ ನುಡಿಸುವವರಿಲ್ಲದ ಗಿಟಾರುಗಾರನಿಗೆ ನೆರವಾಗಲೆಂದು ಮಾಡಿದ ಆ 303 ಯಾರಿಗೂ ಹಿಡಿಸಲಿಲ್ಲ. ಮೂರು ನಾಲ್ಕು ವರ್ಷದಲ್ಲಿ ತಯಾರಿಕೆ ನಿಂತು, ಎರಡನೆಯ ಕೈ ಅಂಗಡಿಗಳಲ್ಲಿ ಅಗ್ಗಕ್ಕೆ ಬಿತ್ತು. ಶಿಕಾಗೋದ ಬಡ ಹುಡುಗರು ಅದನ್ನೇ ಕೊಂಡು, ತಿರುಪುಗಳನ್ನು ಮನಸ್ಸಿಗೆ ಬಂದಂತೆ ತಿರುವಿ, 1987ರಲ್ಲಿ ‘ಆಸಿಡ್ ಹೌಸ್’ ಎಂಬ ಹೊಸ ಬಗೆಯನ್ನೇ ಹೊರಡಿಸಿದರು. ಇದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರು ಇವೇ ಯಂತ್ರಗಳ ಮೇಲೆ ಭೈರವಿ, ಯಮನ್, ಮೇಘ ಮಲ್ಹಾರ ಮುಂತಾದ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ತಟ್ಟೆ ತಂದಿದ್ದರು! ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಅದು ಹೊರದೇಶದಲ್ಲಿ ಮರುಮುದ್ರಣವಾದ ಮೇಲೆ ಜಗತ್ತು ಬೆರಗಾಯಿತು. 2015ರಲ್ಲಿ ಅವರು ತೀರಿಕೊಂಡರು. ಆ ತಟ್ಟೆಯಲ್ಲಿ ರಾಗವೂ ಇದೆ, ಯಂತ್ರವೂ ಇದೆ. ನಾವು ಎರಡು ಸಲ ಪೂರ್ತಿ ಕೇಳಿದೆವು. ಸ್ವರದಿಂದ ಸ್ವರಕ್ಕೆ ಜಾರುವ ಆ ಪೆಟ್ಟಿಗೆಯ ಗುಣದಲ್ಲಿ ನಮಗೆ ಮೀಂಡಿನ ನೆರಳು ಕಂಡಿತು. ರಾಗ ಬಲ್ಲವರು ನಗಬಹುದು, ನಗಲಿ.

ಇಷ್ಟು ಹೌಸ್‌ನ ಬುಡ. ಟ್ರಾನ್ಸ್ ಎಲ್ಲಿಯದು? ನಮ್ಮ ಸಮಿತಿಯವರು ಅದನ್ನು ಋಷಿಗಳ ಆಶ್ರಮದಿಂದ ಬಂದದ್ದೆಂದು ಭಾವಿಸಿದಂತಿತ್ತು. ಅದು ರೂಪುಗೊಂಡದ್ದು 1990ರ ಆರಂಭದ ವರ್ಷಗಳಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್ ಮೊದಲಾದ ನಗರಗಳ ಕುಣಿತದ ಕೂಟಗಳಲ್ಲಿ. ಹೌಸ್ ಮತ್ತು ಅದರ ಸೋದರನಾದ ಡೆಟ್ರಾಯಿಟಿನ ‘ಟೆಕ್ನೋ’ ಸಾಗರ ದಾಟಿ ಯುರೋಪಿಗೆ ಹೋಗಿ, ಅಲ್ಲಿ ವೇಗ ಹೆಚ್ಚಿಸಿಕೊಂಡು, ಹಾಡುವ ಕೊರಳನ್ನು ಕಡಿಮೆ ಮಾಡಿಕೊಂಡು, ಸ್ವರಗಳ ಅಲೆಯನ್ನು ಮುಗಿಲಿಗೇರಿಸಿಕೊಂಡು ಟ್ರಾನ್ಸ್ ಆಯಿತು. ನಾಲ್ಕಕ್ಕೆ ನಾಲ್ಕೂ ಬಡಿತ ಬೀಳುವ ಬುನಾದಿ ಎರಡಕ್ಕೂ ಒಂದೇ. ಹೌಸ್ ನಿಮಿಷಕ್ಕೆ ಹೆಚ್ಚು ಕಡಿಮೆ 120ರಿಂದ 130 ಬಡಿತ. ಟ್ರಾನ್ಸ್ 130 ದಾಟಿ 140ರ ಆಚೀಚೆ. ಅಂದರೆ ನಮ್ಮ ಸಂಘ ತಾಯಿಯನ್ನು ಬಾಗಿಲಲ್ಲಿ ತಡೆದು ಮಗಳಿಗೆ ಆರತಿ ಎತ್ತಿದೆ!

ಓಂಕಾರ ಎಲ್ಲಿ ಸೇರಿತು? ಗೋವೆಯಲ್ಲಿ. 1960ರ ದಶಕದ ಕೊನೆಯಿಂದಲೇ ಅಂಜುನಾ ಕಡಲತಡಿಗೆ ಪಶ್ಚಿಮದ ಹಿಪ್ಪಿಗಳು ಬರತೊಡಗಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದು ಜಡೆ ಬಿಟ್ಟು ‘ಗೋವಾ ಗಿಲ್’ ಎಂದು ಹೆಸರಾಗಿ 2023ರಲ್ಲಿ ತೀರಿಕೊಂಡವರು ಅವರಲ್ಲೊಬ್ಬರು. ಹುಣ್ಣಿಮೆಯ ಬೆಳದಿಂಗಳಲ್ಲಿ ನಡೆಯುತ್ತಿದ್ದ ಆ ಕೂಟಗಳಲ್ಲಿ ಯುರೋಪಿನ ಯಂತ್ರಸಂಗೀತಕ್ಕೆ ಶಿವ, ಗಣಪತಿ, ಮಂತ್ರಗಳ ಅಲಂಕಾರ ಸೇರಿ ‘ಗೋವಾ ಟ್ರಾನ್ಸ್’ ಎಂಬ ಪಂಗಡವಾಯಿತು. ಅಲ್ಲಿ ಗದ್ದಲ ಹೆಚ್ಚಾದಾಗ ಕೆಲವರು ದಕ್ಷಿಣಕ್ಕೆ ಸರಿದು ನಮ್ಮ ಗೋಕರ್ಣದ ಓಂ ಬೀಚನ್ನೂ ಕುಡ್ಲೆಯನ್ನೂ ಹುಡುಕಿಕೊಂಡರು. ನಮ್ಮ ನೆಲದಲ್ಲಿ ಬೆಳೆದ ಬೆಳೆಯಾದರೂ ಬೀಜ ನಮ್ಮದಲ್ಲ, ಬಿತ್ತಿದವರೂ ನಾವಲ್ಲ. ಅಂಜುನಾದ ಮೀನುಗಾರನಿಗೂ ಗೋಕರ್ಣದ ಹಾಲಕ್ಕಿ ಹೆಂಗಸಿಗೂ ಆ ಕೂಟದಲ್ಲಿದ್ದ ಪಾತ್ರವೆಂದರೆ ಚಹಾ, ಹಣ್ಣು, ಮಣಿಸರ ಮಾರುವುದು. ಹಾಲಕ್ಕಿಗಳ ಗುಮಟೆಯ ಪದ ಅದರೊಳಕ್ಕೆ ಬಂದದ್ದನ್ನು ನಾವು ಕೇಳಿಲ್ಲ.

ಟ್ರಾನ್ಸನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅದರ ಒಂದು ಕೌಶಲವನ್ನು ಒಪ್ಪಬೇಕು. ಕಟ್ಟುತ್ತ ಕಟ್ಟುತ್ತ ಹೋಗಿ, ನಡುವೆ ತಟ್ಟನೆ ಬಡಿತವನ್ನೇ ತೆಗೆದುಬಿಡುತ್ತಾರೆ. ಸ್ವರವೊಂದೇ ತೇಲುತ್ತದೆ, ಎದೆಯಲ್ಲಿ ಏನೋ ಖಾಲಿಯಾದಂತೆ. ಆಮೇಲೆ ಬಡಿತ ಮರಳಿ ಬಿದ್ದಾಗ ಸಾವಿರ ಜನರ ಕೈ ಒಮ್ಮೆಗೇ ಮೇಲೇರುತ್ತದೆ. ಏಕಾದಶಿಯ ಭಜನೆಯಲ್ಲಿ ತಾಳ ಏರುತ್ತ ಏರುತ್ತ ಹೋಗಿ, ಮೃದಂಗದವರು ಕೈ ತಡೆದು ಮತ್ತೆ ಬಿಡುವಾಗ ಆಗುವ ಸುಖ ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನ ಉದ್ಘಾಟನೆಯಲ್ಲಿ ಡಚ್ಚರ ಟಿಯೆಸ್ಟೊ ಈ ಬಗೆಯ ಸಂಗೀತವನ್ನೇ ನುಡಿಸಿದ್ದ. ಕೇಳುವವರು ಕೇಳಲಿ. ನಮ್ಮ ತಕರಾರು ಒಂದೇ: ಅದನ್ನು ‘ನಮ್ಮದು’ ಎಂಬ ಚೀಟಿ ಅಂಟಿಸಿ ಒಳಗೆ ಬಿಟ್ಟು, ಹಲಗೆಯನ್ನು ‘ನಮ್ಮದಲ್ಲ’ ಎಂದು ಹೊರಗೆ ನಿಲ್ಲಿಸಿದ್ದು.

ಹೌದು, ಆ ದಿನ ಹೊರಗೆ ನಿಂತದ್ದು ಹಲಗೆ. ಸಮಿತಿಯವರು ಅರ್ಜಿಯ ಎರಡನೆಯ ಸಾಲನ್ನು ಓದಿದಂತಿಲ್ಲ. ಮೈಸೂರು ಸೀಮೆಯವರು ತಮಟೆ ಎನ್ನುವ, ತೆಲಂಗಾಣದವರು ಡಪ್ಪು ಎನ್ನುವ ವಾದ್ಯ ನಮ್ಮ ಬೀದರ್-ಕಲಬುರಗಿಯ ಕಡೆ ಹಲಗೆ. ನಮ್ಮ ಬಾಲ್ಯದಲ್ಲಿ ಊರ ತೇರು ಹಲಗೆಯ ಸದ್ದಿಲ್ಲದೆ ಒಂದು ಮೊಳ ಕದಲುತ್ತಿರಲಿಲ್ಲ. ಹಲಗೆಯವರು ಮಾತ್ರ ಗುಡಿಯ ಕಟ್ಟೆ ಹತ್ತುತ್ತಿರಲಿಲ್ಲ. ಬೇವಿನ ಗಿಡದ ಬುಡದಲ್ಲಿ ಹುಲ್ಲು ಉರಿಸಿ ಚರ್ಮ ಕಾಯಿಸಿ, ಬೆರಳಿನಿಂದ ಟಣ್ ಎನ್ನಿಸಿ ಹದ ನೋಡಿ, ದೂರದಿಂದಲೇ ಬಾರಿಸುತ್ತಿದ್ದರು. ಪ್ರಸಾದ ಅವರ ಕೈಗೆ ಮೇಲಿನಿಂದ ಬೀಳುತ್ತಿತ್ತು. ನಾವು ಅದನ್ನು ಕಣ್ಣಾರೆ ಕಂಡು ಸಹಜವೆಂದುಕೊಂಡು ಬೆಳೆದವರು. ಹಲಗೆ ಹಿಡಿದರೆ ಜಾತಿ ತಿಳಿದೀತೆಂದು ಎಷ್ಟೋ ಮನೆಯ ಹುಡುಗರು ಅದನ್ನು ಮುಟ್ಟುವುದನ್ನೇ ಬಿಟ್ಟರು. ಅದಕ್ಕೆ ಅವರನ್ನು ದೂರುವ ಹಕ್ಕು ನಮಗಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂದಿತು. ದೆಹಲಿಯ ಅಂಗಳಕ್ಕೆ ಸಲ್ಲುವ ಚರ್ಮ ನಮ್ಮ ಸಂಘದ ವೇದಿಕೆಗೆ ಸಲ್ಲಲಿಲ್ಲವಲ್ಲ!

ನಮ್ಮ ಊರಿನಿಂದ ಬಹು ದೂರವಲ್ಲದ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದ ಶರಣರ ನಡುವೆ, ಢಕ್ಕೆ ಬಾರಿಸುವುದನ್ನೇ ಕಾಯಕವಾಗಿಸಿಕೊಂಡ ಢಕ್ಕೆಯ ಬೊಮ್ಮಣ್ಣ ಎಂಬ ವಚನಕಾರರಿದ್ದರು. ರಾಜ್ಯೋತ್ಸವದ ಭಾಷಣಗಳಲ್ಲಿ ಕಲ್ಯಾಣದ ಹೆಸರು ಹತ್ತು ಸಲ ಬರುತ್ತದೆ. ಬೊಮ್ಮಣ್ಣನವರ ಹೆಸರು ಒಂದು ಸಲವೂ ಬಂದದ್ದು ನಮಗೆ ನೆನಪಿಲ್ಲ.

ಸಭೆ ಮುಗಿದ ಮೇಲೆ ಚಹಾದ ಹೊತ್ತಿನಲ್ಲಿ ಒಬ್ಬ ಮಿತ್ರರು ಹುಡುಗಿಯ ಮೊಬೈಲಿನಲ್ಲಿ ಹೌಸ್‌ನ ಮೂಲವನ್ನು ಓದಿ, ಮೂಗು ಮುರಿದು, “ಅಂಥವರ ಸಂಗೀತ ನಮ್ಮ ಮಕ್ಕಳಿಗ್ಯಾಕ್ರಿ?” ಎಂದರು. ‘ಅಂಥವರು’ ಎಂದರೆ ಯಾರೆಂದು ಎಲ್ಲರಿಗೂ ತಿಳಿಯಿತು. ಮಿತ್ರರಿಗೆ ಎರಡು ಸಂಗತಿ ನೆನಪಿಸುತ್ತೇವೆ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಅಂಥವರನ್ನು ಅಪರಾಧಿಗಳ ಪಟ್ಟಿಯಿಂದ ತೆಗೆದಿದೆ. ಎರಡನೆಯದು, ಎಲ್ಲಮ್ಮನ ಜೋಗಪ್ಪಗಳು ಚೌಡಿಕೆ ಹಿಡಿದು ಮನೆಮುಂದೆ ಬಂದಾಗ ನಮ್ಮ ಅಜ್ಜಿಯರು ಮೊರ ತುಂಬ ಜೋಳ ಹಾಕಿ ಕೈಮುಗಿಯುತ್ತಿದ್ದರು. ಆ ಪರಂಪರೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಶಿಕಾಗೋದ ‘ಅಂಥವರ’ ಕಟ್ಟಡವನ್ನು ಆ ನಗರ 2023ರಲ್ಲಿ ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ಆ ಬೀದಿಯ ಒಂದು ಭಾಗಕ್ಕೆ 2004ರಲ್ಲೇ ನಕಲ್ಸ್ ಅವರ ಹೆಸರಿಟ್ಟಿತ್ತು. ತಟ್ಟೆ ಸುಟ್ಟ ಊರೇ ತಪ್ಪು ತಿದ್ದಿಕೊಂಡಿದೆ. ನಮ್ಮದು ಒಂದು ಸಣ್ಣ ಸಂಘ, ನಮಗೇಕೆ ಇಷ್ಟು ಬಿಗುಮಾನ?

‘ಆಫ್ರಿಕದ ತಾಳ’ ಎಂಬ ಇನ್ನೊಂದು ಆಕ್ಷೇಪಣೆಗೆ ಉತ್ತರ ಇದೇ ಹೈದರಾಬಾದಿನಲ್ಲಿದೆ. ಮಾಸಾಬ್ ಟ್ಯಾಂಕಿನ ಬಳಿಯ ಎ.ಸಿ. ಗಾರ್ಡ್ಸ್ ಬಡಾವಣೆಯ ಮೂಲಕ ನಾವೆಲ್ಲ ಬಸ್ಸಿನಲ್ಲಿ ಹಾಯ್ದಿದ್ದೇವೆ. ಆ ಎರಡು ಅಕ್ಷರಗಳು ನಿಜಾಮರ ‘ಆಫ್ರಿಕನ್ ಕ್ಯಾವಲ್ರಿ’, ಅಂದರೆ ಸಿದ್ದಿಗಳ ಕುದುರೆ ಪಡೆ. ಆ ಸಿದ್ದಿಗಳೂ ಯೆಮನ್‌ನ ಹದ್ರಮೌತಿನಿಂದ ಬಂದ ಅರಬರೂ ತಂದ ಮರ್ಫಾ ವಾದ್ಯದ ಬಡಿತ ಇಂದು ಜಾತಿ-ಮತ ಬಿಟ್ಟು ಈ ಊರಿನ ಪ್ರತಿ ಮದುವೆ ದಿಬ್ಬಣದಲ್ಲಿದೆ. ಅದರದೇ ಒಂದು ಬಗೆ ‘ತೀನ್‌ಮಾರ್’. ನಮ್ಮ ಸಮಿತಿಯ ಒಬ್ಬ ಸದಸ್ಯರು ತಮ್ಮ ಮಗನ ಮದುವೆಯಲ್ಲಿ ಶಾಲು ತಲೆಗೆ ಸುತ್ತಿಕೊಂಡು ತೀನ್‌ಮಾರಿಗೆ ಕುಣಿದದ್ದನ್ನು ನಾವು ಕಂಡಿದ್ದೇವೆ, ಜೊತೆಗೆ ಕುಣಿದೂ ಇದ್ದೇವೆ. ಬಹಳ ಚೆನ್ನಾಗಿ ಕುಣಿದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಆಡುವ ಸಿದ್ದಿಗಳಿದ್ದಾರೆ, ಅವರ ದಮಾಮಿಯ ಕುಣಿತವಿದೆ. ಅವರನ್ನು ಕನ್ನಡಿಗರಲ್ಲವೆನ್ನುವ ಧೈರ್ಯ ಯಾರಿಗಿದೆ?

ಇನ್ನು ಸದ್ದು. ಇಲ್ಲಿ ನಾವು ಹಿರಿಯರ ಪಕ್ಷ. ಧ್ವನಿ ಮೂರು ಡೆಸಿಬೆಲ್ ಏರಿದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆಂದು ನಾವು ಪದವಿಯಲ್ಲಿ ಓದಿದ್ದೇವೆ. 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಪಾಲಿಸೋಣ. ಆದರೆ ಆ ನಿಯಮ ಓಂಕಾರಕ್ಕೂ ಅಷ್ಟೇ, ಹಲಗೆಗೂ ಅಷ್ಟೇ; ಭಾಷಣಕಾರರಿಗೆ ಇನ್ನೂ ಸ್ವಲ್ಪ ಹೆಚ್ಚು.

ಈ ಜಗಳದಲ್ಲಿ ನಿಜವಾಗಿ ಪಣಕ್ಕಿಟ್ಟಿರುವುದೇನೆಂದು ಹೇಳಬೇಕು. ಮುಂಬಯಿ ಹೆದ್ದಾರಿಯುದ್ದಕ್ಕೂ ಚದುರಿದ ಕನ್ನಡ ಮನೆಗಳು ನಮ್ಮವು. 1956ರವರೆಗೆ ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿ. ಆಮೇಲೂ ದುಡಿಮೆಗೆ ಇದೇ ದಾರಿ. ಭೆಲ್ ಕಾರ್ಖಾನೆ, ಇಕ್ರಿಸ್ಯಾಟ್, ಔಷಧದ ಕಾರ್ಖಾನೆಗಳು, ನಮ್ಮಂಥವರ ಕಚೇರಿಗಳು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ದಖ್ಖನಿ ಆಡುತ್ತಾರೆ. ಕನ್ನಡ ಅಡುಗೆಮನೆಯಲ್ಲಿ ಉಳಿದಿದೆ, ಅದೂ ಅಜ್ಜಿ ಇದ್ದರೆ. ಇಂಥ ಮಕ್ಕಳು ಒಂದೆಡೆ ಸೇರುವುದು ವರ್ಷಕ್ಕೊಂದೋ ಎರಡೋ ದಿನ. ಆ ದಿನ ಅವರಿಗೆ ನಾವು ನಲವತ್ತು ನಿಮಿಷ ಕಣ್ಣು ಮುಚ್ಚಿ ಕೂಡಿರೆಂದೆವು!

ಟ್ರಾನ್ಸಿನ ಸೆಳೆತ ಅಲ್ಲಿದೆ: ಕಣ್ಣು ಮುಚ್ಚು, ನೀನೊಬ್ಬನೇ ಮೇಲೇರು. ಪಾಳಿ ಮುಗಿಸಿ ಬಂದ ಒಂಟಿ ರಾತ್ರಿಗೆ ಅದು ಒಳ್ಳೆಯದೇ ಇರಬಹುದು. ಹೌಸ್‌ನ ಸೆಳೆತ ಬೇರೆ. ಅದರ ನಡೆ ನಿಮಿಷಕ್ಕೆ 120, ಸೆಕೆಂಡಿಗೆ ಎರಡು, ಬಿರುಸಾಗಿ ನಡೆಯುವವನ ಹೆಜ್ಜೆಯಷ್ಟು. ಅರವತ್ತರ ಅತ್ತೆಯೂ ಕೂಡಿಕೊಳ್ಳಬಹುದು, ಏದುಸಿರು ಬರುವುದಿಲ್ಲ. ಎರಡನೆಯ, ನಾಲ್ಕನೆಯ ಬಡಿತಕ್ಕೆ ಚಪ್ಪಾಳೆ. ಕೋಲಾಟ ಆಡಿದವರಿಗೆ ಒಂದು ನಿಮಿಷದಲ್ಲಿ ಹಿಡಿತಕ್ಕೆ ಬರುತ್ತದೆ. ಕಣ್ಣು ತೆರೆದಿರುತ್ತದೆ, ಎದುರಿಗಿರುವವರ ಮುಖ ಕಾಣುತ್ತದೆ. ನೀನು ಯಾರು, ಯಾವ ಊರು, ನಿನ್ನ ಕನ್ನಡ ಸರಿಯಿದೆಯೇ ಎಂದು ಬಾಗಿಲಲ್ಲಿ ಕೇಳದ ಕೋಣೆಗಾಗಿ ಹುಟ್ಟಿದ ಸಂಗೀತ ಅದು. ‘ಳ’ಕಾರ ತಪ್ಪಿತೆಂದು ನಮ್ಮ ಸಂಘದಲ್ಲಿ ನಗಿಸಿಕೊಂಡು ಮತ್ತೆ ಬಾರದೆ ಹೋದ ಮಕ್ಕಳ ಹೆಸರುಗಳನ್ನು ನಾವು ಎಣಿಸಿ ಹೇಳಬಲ್ಲೆವು.

ನಮ್ಮ ಹುಡುಗಿ ಈ ವರ್ಷ ಅರ್ಜಿ ಕೊಡುವುದಿಲ್ಲವೆಂದಳು. “ಅಲ್ಲಿ ನಾವ್ಯಾಕ ಪಪ್ಪಾ, ಅವರಿಗೆ ಬ್ಯಾಡಾದ ಮ್ಯಾಲ?” ಎಂದಳು. ಆದ್ದರಿಂದ ಅರ್ಜಿಯನ್ನು ನಾವೇ, ಪಟಾನ್‌ಚೆರಿನ ಎಂಟು ಮನೆಯವರು ಸಹಿ ಮಾಡಿ, ಕೊಡುತ್ತಿದ್ದೇವೆ. ಕಳೆದ ಸಾಲಿನ ನಿರ್ಣಯವನ್ನು ರದ್ದುಪಡಿಸಬೇಕು. ಓಂಕಾರ ಧ್ಯಾನವೂ ಇರಲಿ, ಆದರೆ ಆಮಂತ್ರಣ ಪತ್ರಿಕೆಯಲ್ಲಿ ಅದರ ನಿಜವಾದ ಹೆಸರು ಅಚ್ಚಾಗಲಿ. ಹುಡುಗಿಯರಿಗೆ ಇಪ್ಪತ್ತು ನಿಮಿಷ, ರಾತ್ರಿ ಎಂಟಕ್ಕೆ, ಕುರ್ಚಿಗಳನ್ನು ಗೋಡೆಗೆ ಸರಿಸಿ. ಮೊಬೈಲಿನ ಮುದ್ರಣ ಸಾಲದು. ನಮ್ಮೂರಿನ ಹಲಗೆಯ ಕಾಕಾನನ್ನೂ ಅವರ ಮಗನನ್ನೂ ಕರೆಸಬೇಕು. ದಾರಿಖರ್ಚು, ಸಂಭಾವನೆ, ಮುಂದಿನ ಸಾಲಿನಲ್ಲಿ ಕುರ್ಚಿ, ಎಲ್ಲರ ಪಂಕ್ತಿಯಲ್ಲೇ ಊಟ. ಖರ್ಚಿಗೆ ಎಂಟು ಮನೆಯವರು ವಂತಿಗೆ ಹಾಕಿದ್ದೇವೆ, ಸಂಘದ ಬೊಕ್ಕಸ ಮುಟ್ಟಬೇಕಾಗಿಲ್ಲ.

ಕಾಕಾನ ಒಪ್ಪಿಗೆಯನ್ನು ಊರಿಗೆ ಹೋದಾಗ ಕೇಳಿಕೊಂಡು ಬಂದಿದ್ದೇವೆ. ಅವರದು ಒಂದೇ ಷರತ್ತು: ಹಲಗೆ ಕಾಯಿಸಲು ವೇದಿಕೆಯ ಹಿಂದೆ ಒಂದಿಷ್ಟು ಬೆಂಕಿಗೆ ಜಾಗ ಬೇಕು. ಸಭಾಂಗಣದವರಿಂದ ಅದಕ್ಕೆ ಅನುಮತಿ ಪಡೆಯುವ ಕೆಲಸವನ್ನು ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇವೆ.